ಬಾಲದ ಬುಡದ ಕರಿ ಚುಕ್ಕಿ

ರಾತ್ರಿ ಎರಡು ಗಂಟೆಗೆ ನಮ್ಮ ನಾಯಿ ಪರಪರ ಕೆರೆದುಕೊಳ್ಳುವ ಸದ್ದು, ಜೊತೆಗೆ ಕೊರಳಪಟ್ಟಿಯ ಕಿಣಿಕಿಣಿ. ಮೂರು ತಿಂಗಳಿಂದ ನಮ್ಮ ಮನೆಯ ಜೋಗುಳ ಇದೇ ಆಗಿತ್ತು. ಶಾಂಪೂ ಬದಲಿಸಿದೆ. ಕೋಳಿಮಾಂಸದ ಮೇಲೆ ಅನುಮಾನಪಟ್ಟು ನಿಲ್ಲಿಸಿ, ಹತ್ತೇ ದಿನಕ್ಕೆ ‘ಪ್ರಯೋಜನವಿಲ್ಲ’ ಎಂದು ತೀರ್ಪನ್ನೂ ಕೊಟ್ಟೆ. ಆಹಾರದ ಅಲರ್ಜಿಯೋ ಅಲ್ಲವೋ ತಿಳಿಯಲು ಸುಮಾರು 8 ವಾರ ಕಟ್ಟುನಿಟ್ಟಿನ ಪಥ್ಯ ಬೇಕಂತೆ. ನನಗೆಲ್ಲಿಯ ತಾಳ್ಮೆ!

ಪಶುವೈದ್ಯರು ಮೊದಲು ಕೇಳಿದ್ದು, ‘ಎಲ್ಲಿ ಹೆಚ್ಚು ಕೆರೆದುಕೊಳ್ಳುತ್ತದೆ?’ ಬಾಲದ ಬುಡದಲ್ಲಿ ಎಂದೆ. ಅಲ್ಲಿನ ಕೂದಲನ್ನು ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿದರು. ನಾನು ಮಣ್ಣು ಎಂದುಕೊಂಡಿದ್ದ ಆ ಚುಕ್ಕಿಗಳ ಸುತ್ತ ನಿಧಾನವಾಗಿ ಕೆಂಗಂದು ಬಣ್ಣ ಹರಡಿತು. ಚಿಗಟದ ಹಿಕ್ಕೆ, ಅಂದರೆ ನನ್ನ ನಾಯಿಯದೇ ರಕ್ತ. ‘ನಮ್ಮ ಮನೆಯಲ್ಲಿ ಚಿಗಟವೇ?’ ಎಂದು ಒಳಗೊಳಗೇ ಅವಮಾನವೂ ಆಯಿತು. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು. ನೆಕ್ಕಿ, ಕಚ್ಚಿ ಆ ಚಿಗಟವನ್ನೇ ನುಂಗಿಬಿಡುವುದರಿಂದ ಮೈಯೆಲ್ಲ ಹುಡುಕಿದರೂ ಒಂದೂ ಸಿಗದಿರಬಹುದು. ನಾನು ಹುಡುಕಿ ‘ಇಲ್ಲ’ ಎಂದು ಘೋಷಿಸಿದ್ದೂ ಹಾಗೆಯೇ.

ನಾಯಿಗೆ ಔಷಧ ಹಾಕುವುದು ಕ್ಷಣದ ಕೆಲಸ. ಮನೆಯದೇ ದೊಡ್ಡ ಪಾಡು. ಚಿಗಟದ ಮೊಟ್ಟೆಗಳು ಉದುರಿರುವುದು ಹಾಸಿಗೆ, ಚಾಪೆ, ಸೋಫಾದ ಸಂದಿಗಳಲ್ಲಿ. ಗೂಡು ಕಟ್ಟಿಕೊಂಡ ಮರಿಗಳು ತಿಂಗಳುಗಟ್ಟಲೆ ಒಳಗೇ ಕಾದಿರಬಲ್ಲವು. ಬೆಳಗಿನಿಂದ ಒಗೆದು, ಗುಡಿಸಿ ಸೊಂಟ ಹಿಡಿದಿದೆ. ನಾಯಿ ಮಾತ್ರ ಒಗೆಯಲು ಎಳೆದಿಟ್ಟ ತನ್ನ ಹಾಸಿಗೆಯ ಮೇಲೆಯೇ ಬಂದು ಸುರುಳಿ ಸುತ್ತಿ ಮಲಗಿದೆ.