ಐದು ಅಂದ್ರೆ ಏನು ಸರ್?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ಐದು ಅಂದ್ರೆ ಯಜಮಾನ್ರು ಹೋಗ್ಬುಟ್ಟವ್ರೆ, ಹಾಲು ನಿಂತಿಲ್ಲ ಅಂತ ಕಣವ್ವ."

ಹೇಳಿದವರು ನಮ್ಮ ಅಕೌಂಟ್ಸ್‌ನ ಹಿರಿಯರು. ಮಂಡ್ಯ ಕಡೆಯವರು. ಈ ತಿಂಗಳ ಕೊನೆಗೆ ನಿವೃತ್ತಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಆಫೀಸು. ಹಳ್ಳಿಗಳಿಂದ ಹಾಲು ಕೊಳ್ಳುವ ಕಂಪನಿ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ಎಷ್ಟು, ಬಟವಾಡೆ ಎಷ್ಟು, ಎಲ್ಲ ಲೆಕ್ಕ ಇಲ್ಲೇ.

ಒಂದು ತಿಂಗಳಿಂದ ನಾನು ಮೈಕ್ರೋಸಾಫ್ಟ್ ಪರ್‌ವ್ಯೂ ಕಲಿಯುತ್ತಿದ್ದೇನೆ. ಕಂಪನಿಯಲ್ಲಿ ಯಾವ ಡೇಟಾ ಎಲ್ಲಿದೆ, ಯಾರದ್ದು, ಅದರ ಅರ್ಥ ಏನು ಅಂತ ಪಟ್ಟಿ ಮಾಡಿಡುವ ಟೂಲ್ ಅದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಬಂದ ಮೇಲೆ ಇಂಥದ್ದೊಂದು ಬೇಕು ಅಂತ ಮೇಲಿನವರು ತೀರ್ಮಾನಿಸಿದರು. "ಆಡಿಟ್‌ಗೆ ಬೇಕು, ಬಾಕ್ಸ್ ಎಲ್ಲ ತುಂಬಿಸಿಬಿಡಿ" ಅಂದರು ಮ್ಯಾನೇಜರ್. ಒಳ್ಳೆಯ ಮನುಷ್ಯ. ಆದರೆ ಅವರಿಗೆ ಡೇಟಾ ಅಂದರೆ ಗೋಡೌನಿನ ಮೂಟೆ ಇದ್ದ ಹಾಗೆ. ಎಣಿಸಿದರೆ ಮುಗೀತು.

ಶುರುವಿನಲ್ಲಿ ಕಷ್ಟವಾಯಿತು. ಅದರ ಹೆಸರು 2022ರವರೆಗೆ ಅಜೂರ್ ಪರ್‌ವ್ಯೂ. ಹಳೆಯ ವಿಡಿಯೋ ನೋಡಿ ಕಲಿಯಲು ಹೋದರೆ ಅಲ್ಲಿನ ಪರದೆಯೇ ಬೇರೆ. ನನಗೆ ಮೊದಲು ಕೊಟ್ಟಿದ್ದು ಓದುವ ಅನುಮತಿ ಮಾತ್ರ, ಹಾಗಾಗಿ ಎರಡು ದಿನ ಸ್ಕ್ಯಾನ್ ಬಟನ್ನೇ ಕಾಣಲಿಲ್ಲ. ಲೆಕ್ಕವೆಲ್ಲ ಇಟ್ಟಿರುವ ನಮ್ಮ ಎಸ್‌ಕ್ಯೂಎಲ್ ಸರ್ವರ್ ಇರೋದು ಆಫೀಸಿನ ಒಳಗೆ. ಕ್ಲೌಡ್‌ಗೆ ಅದು ಕಾಣಬೇಕಾದರೆ ಮಧ್ಯದಲ್ಲೊಂದು ಕಂಪ್ಯೂಟರ್‌ಗೆ ಸೆಲ್ಫ್ ಹೋಸ್ಟೆಡ್ ಇಂಟಿಗ್ರೇಷನ್ ರನ್‌ಟೈಮ್ ಅನ್ನುವ ಸಾಫ್ಟ್‌ವೇರ್ ಹಾಕಬೇಕು. ಅದೂ ಆಯಿತು. ಸ್ಕ್ಯಾನ್ ಓಡಿತು. ಪರ್‌ವ್ಯೂ ನಮ್ಮ ಡೇಟಾವನ್ನೇ ಹೊತ್ತುಕೊಂಡು ಹೋಗುವುದಿಲ್ಲ. ಟೇಬಲ್ ಹೆಸರು, ಕಾಲಂ ಹೆಸರು, ಅದು ಯಾವ ಬಗೆಯದ್ದು ಅನ್ನುವಂಥ ವಿವರ ಮಾತ್ರ ಬರೆದುಕೊಳ್ಳುತ್ತದೆ. ಒಂದಿಷ್ಟು ಸಾಲು ತೆಗೆದು ನೋಡಿ, ಇದು ಆಧಾರ್, ಇದು ಪ್ಯಾನ್ ಅಂತ ಗುರುತು ಹಾಕುತ್ತದೆ. ಅಂಥ ಗುರುತುಗಳು ಅದರಲ್ಲಿ ಮೊದಲೇ 200ಕ್ಕೂ ಜಾಸ್ತಿ ಇವೆ.

ಆದರೆ ಸದಸ್ಯರ ಟೇಬಲ್ಲಿನ ಒಂದು ಕಾಲಂ ಮುಂದೆ ಏನೂ ಬರಲಿಲ್ಲ. ಮೂರಕ್ಷರದ ಹೆಸರು. ಒಳಗೆ ಒಂದರಿಂದ ಐದರವರೆಗೆ ಅಂಕಿ. ಬರೀ ಅಂಕಿ ನೋಡಿ ಯಾವ ಟೂಲ್ ಏನು ಹೇಳೀತು? ವಿವರದ ಬಾಕ್ಸ್ ಖಾಲಿ. ಓನರ್ ಬಾಕ್ಸ್ ಖಾಲಿ. ಐದು ಅಂತ ಇದ್ದ ಕಡೆಯೆಲ್ಲ ಸದಸ್ಯರ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ತಾಳೆ ಇಲ್ಲ. ನೂರಕ್ಕೂ ಹೆಚ್ಚು ಜನ. ಇಂಥವನ್ನು ತೆಗೆದು ಡೇಟಾ ಚೊಕ್ಕಟ ಮಾಡೋಣ ಅಂತ ಮೀಟಿಂಗ್‌ನಲ್ಲಿ ಆಗಲೇ ಮಾತಾಗಿತ್ತು. ಪರ್‌ವ್ಯೂನ ಗ್ಲಾಸರಿಯಲ್ಲಿ, ಅಂದರೆ ಪದಗಳ ಅರ್ಥ ಬರೆದಿಡುವ ಪಟ್ಟಿಯಲ್ಲಿ, ನಾನೂ "5: ತಪ್ಪು ನಮೂದು" ಅಂತ ಡ್ರಾಫ್ಟ್ ಬರೆದಿಟ್ಟಿದ್ದೆ.

ಮಂಗಳವಾರ ಬೆಳಿಗ್ಗೆ ಲೀನಿಯೇಜ್ ತೆರೆದೆ. ಡೇಟಾ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಅಂತ ಬಾಣದ ಗೆರೆ ಹಾಕಿ ತೋರಿಸುವ ಚಿತ್ರ. ಆ ಟೇಬಲ್ಲಿನ ಬಾಣ ನೇರವಾಗಿ ಬಟವಾಡೆ ರಿಪೋರ್ಟಿಗೆ ಹೋಗಿತ್ತು. ಎದೆ ಝಲ್ ಅಂತು. ಕಾಗದ ಹಿಡಿದುಕೊಂಡು ಕೆಳಗಿಳಿದೆ.

"ಸರ್, ಇಲ್ಲಿ ಐದು ಅಂದ್ರೆ ಏನು ಸರ್?"

ಅವರು ಕನ್ನಡಕ ತೆಗೆದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಮಾತು ಹೇಳಿದರು. ಯಜಮಾನ್ರು ಹೋಗ್ಬುಟ್ಟವ್ರೆ, ಹಾಲು ನಿಂತಿಲ್ಲ.

ಗಂಡ ತೀರಿಕೊಂಡ ಮೇಲೂ ಹೆಂಡತಿ ಅದೇ ನಂಬರಿಗೆ ಹಾಲು ಹಾಕುತ್ತಾಳೆ. ಮರಣ ಪತ್ರ, ಹೆಸರು ಬದಲಾವಣೆ ಎಲ್ಲ ಆಗೋಕೆ ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೆ ದುಡ್ಡು ತಡೆದರೆ ಹಸುವಿಗೆ ಹಿಂಡಿ ಬೂಸಾ ಎಲ್ಲಿಂದ ತರ್ತಾಳೆ? ಅದಕ್ಕೇ ಮೇಲಿನವರ ಒಪ್ಪಿಗೆ ಪಡೆದು ಹೆಂಡತಿ ಖಾತೆಗೆ ದುಡ್ಡು ಹಾಕಿ, ಐದು ಅಂತ ಗುರುತು ಮಾಡಿದ್ದರಂತೆ. ಆಗ ಒಪ್ಪಿದವರು ಯಾರೂ ಈಗ ಕಂಪನಿಯಲ್ಲಿಲ್ಲ. "ಇಷ್ಟು ವರ್ಷದಲ್ಲಿ ಇದ್ನ ಯಾರೂ ಕೇಳಿರ್ಲಿಲ್ಲ ಕಣವ್ವ" ಅಂದರು. ಬೇಸರದಿಂದಲ್ಲ. ಸಂತೋಷವೇ ಇತ್ತು ದನಿಯಲ್ಲಿ.

ಸಂಜೆ ಕೃಷ್ಣರಾಜ ಬುಲೆವಾರ್ಡ್‌ನಲ್ಲಿ ಸ್ಕೂಟರ್ ನಿಧಾನ ಮಾಡಿದೆ. ಅಲ್ಲೇ ಅಲ್ವಾ ಪ್ರಾಚ್ಯವಿದ್ಯಾ ಸಂಶೋಧನಾಲಯ ಇರೋದು. 1905ರಲ್ಲಿ ಗ್ರಂಥಪಾಲಕರಾಗಿದ್ದ ಶಾಮಾಶಾಸ್ತ್ರಿಗಳು ಓಲೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿದರು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟು ಹೋಗಿದ್ದ ಕಟ್ಟು, ತಮಿಳು ನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯದ್ದು. 1909ರಲ್ಲಿ ಅಚ್ಚಾಯಿತು. ಶಾಲೆಯಲ್ಲಿ ಇದನ್ನು ಹೆಮ್ಮೆಗೆ ಓದಿದ್ದೆ. ಮಂಗಳವಾರ ಭಯವಾಯಿತು. ಬಿಚ್ಚಿ ಓದಬಲ್ಲವರು ಅಲ್ಲಿ ಇಲ್ಲದೇ ಹೋಗಿದ್ದರೆ? ಲಿಪಿ ಗೊತ್ತಿಲ್ಲದವರ ಕೈಗೆ ಸಿಕ್ಕಿ ಹಳೇ ಕಸ ಅನಿಸಿಬಿಟ್ಟಿದ್ದರೆ? ನಮ್ಮ ಆ ನೂರು ಹೆಣ್ಣುಮಕ್ಕಳು ನನ್ನ ಕೈಯಲ್ಲಿ ಹಾಗೇ ಆಗಿಬಿಡುತ್ತಿದ್ದರು. ಬೆಳಿಗ್ಗೆ ನಾಲ್ಕಕ್ಕೆದ್ದು ಹಾಲು ಕರೆದು ತಂದವರು ನನ್ನ ಪರದೆಯಲ್ಲಿ ತಪ್ಪು ನಮೂದು.

ಬುಧವಾರ ಡ್ರಾಫ್ಟ್ ಅಳಿಸಿ ಸರಿಯಾದ ಅರ್ಥ ಬರೆದೆ. ಅವನ್ನೆಲ್ಲ ತೆಗೆಯುವ ಮೀಟಿಂಗ್‌ನ ಯೋಚನೆಯನ್ನೂ ಕೈಬಿಟ್ಟರು. ಮ್ಯಾನೇಜರ್ ಓದಿ, ಏನೂ ಹೇಳದೆ, ಆ ಕಾಲಂ ಯಾರು ಯಾರು ನೋಡಬಹುದು ಅಂತ ಹೊಸದಾಗಿ ಪಟ್ಟಿ ಮಾಡಿಸಿದರು. ಅವರ ಬಗ್ಗೆ ಗೌರವ ಜಾಸ್ತಿಯಾಯಿತು.

ಎಕ್ಸ್‌ಪರ್ಟ್ ಬಾಕ್ಸಿಗೆ ಹಿರಿಯರ ಹೆಸರು ಹಾಕಿದ್ದೇನೆ. ನಿವೃತ್ತಿಯಾದ ದಿನ ಅವರ ಲಾಗಿನ್ ತೆಗೆಯುತ್ತಾರೆ. ಅರ್ಥ ಗೊತ್ತಿಲ್ಲದ ಕಾಲಂ ಇನ್ನೂ ನಲವತ್ತು ಚಿಲ್ಲರೆ ಇವೆ. ನಾಳೆ ಹತ್ತು ಗಂಟೆಗೆ ಬಾ, ನೋಟ್ ಪುಸ್ತಕ ತಗೊಂಡು ಬಾ ಅಂದಿದ್ದಾರೆ.