ಐದು ಸ್ಟಾರ್ ಯಾರಿಗೂ ಕೊಡದ ಒಳ್ಳೆಯ ಗೆಸ್ಟ್

ಮನೆಯನ್ನೋ ರೂಮನ್ನೋ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರನ್ನು ಒಮ್ಮೆ ಕೇಳಿ ನೋಡಿ. ಒಂದು ಸ್ಟಾರ್ ಕೊಟ್ಟವರ ಮೇಲೆ ಅವರಿಗೆ ಸಿಟ್ಟು ಇದ್ದೇ ಇರುತ್ತದೆ, ಆದರೆ ನಿದ್ದೆ ಕೆಡಿಸುವವರು ನಾಲ್ಕು ಸ್ಟಾರ್ ಕೊಟ್ಟವರು. ಒಂದು ಸ್ಟಾರ್‌ಗೆ ಏನೋ ಒಂದು ಕಾರಣ ಸಿಗುತ್ತದೆ. ಗೀಸರ್ ಕೈಕೊಟ್ಟಿರುತ್ತದೆ, ಇಲ್ಲವೇ ಮಾತಿಗೆ ಮಾತು ಬೆಳೆದಿರುತ್ತದೆ. ನಾಲ್ಕು ಕೊಟ್ಟವರು ನಗುನಗುತ್ತಾ ಬೀಗದ ಕೈ ಕೊಟ್ಟು ಹೋಗಿರುತ್ತಾರೆ.

ನನಗೆ ಬಂದ ಒಂದು ರಿವ್ಯೂ ಹೀಗಿತ್ತು: "ಮನೆ ತುಂಬಾ ಚೊಕ್ಕವಾಗಿದೆ. ನಮ್ಮ ಮನೆಯಲ್ಲೇ ಇದ್ದ ಹಾಗಿತ್ತು. ಮತ್ತೆ ಬಂದರೆ ಇಲ್ಲೇ ಉಳಿಯುತ್ತೇವೆ." ಜೊತೆಗೆ ನಾಲ್ಕು ಸ್ಟಾರ್. ಏನಾದರೂ ತೊಂದರೆ ಆಯಿತಾ ಅಂತ ಮೆಸೇಜ್ ಮಾಡಿ ಕೇಳಿದೆ. "ಅಯ್ಯೋ ಇಲ್ಲಪ್ಪ, ನಾಲ್ಕು ಅಂದ್ರೆ ಒಳ್ಳೇದೇ ಅಲ್ವಾ? ಐದು ನಾನು ಯಾರಿಗೂ ಕೊಡಲ್ಲ" ಅಂದರು. ಅವರನ್ನು ದೂರುವುದು ಹೇಗೆ? ಪರೀಕ್ಷೆಯಲ್ಲಿ ನೂರಕ್ಕೆ 80 ಬಂದರೆ ಎಲ್ಲರೂ ಬೆನ್ನು ತಟ್ಟುತ್ತಾರೆ. ಈ ವ್ಯವಹಾರದಲ್ಲಿ ಅದೇ 80ಕ್ಕೆ ಫೇಲು ಅಂತ ಅವರಿಗೆ ಯಾರೂ ಹೇಳಿಲ್ಲ.

ಲೆಕ್ಕ ಹಾಕಿ ನೋಡೋಣ. ಹೀಗೆ ಮನೆ, ರೂಮು ಬುಕ್ ಮಾಡುವ ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ಮನೆ ಕೊಡುವವರಿಗೆ ಹೋಸ್ಟ್ ಅಂತಾರೆ. ಅವರಲ್ಲಿ ಒಳ್ಳೆಯವರಿಗೆ ಕೊಡುವ ಬ್ಯಾಡ್ಜ್ ಸೂಪರ್‌ಹೋಸ್ಟ್, ಅದು ಸಿಗಲು ಸರಾಸರಿ 4.8 ಆದರೂ ಇರಬೇಕು. ಹಿಂದಿನ 365 ದಿನಗಳ ರೇಟಿಂಗ್ ಹಿಡಿದು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಒಬ್ಬರು ನಾಲ್ಕು ಕೊಟ್ಟರೆ ಸರಾಸರಿ 4.8ರಲ್ಲಿ ನಿಲ್ಲಲು ಇನ್ನು ನಾಲ್ಕು ಜನ ಪೂರ್ತಿ ಐದು ಕೊಟ್ಟಿರಬೇಕು. ಮೂರು ಕೊಟ್ಟರೆ 9 ಜನ. ಎರಡಾದರೆ 14. ಒಂದೇ ಒಂದು ಸ್ಟಾರ್ ಬಂತೋ, 19 ಜನ ಚಕಾರ ಎತ್ತದೆ ಐದೈದು ಕೊಟ್ಟರೆ ಮಾತ್ರ ಸರಿಹೋಗುತ್ತದೆ. ವರ್ಷಕ್ಕೆ ನೂರಾರು ಬುಕಿಂಗ್ ಇರುವವರಿಗೆ 19 ದೊಡ್ಡ ಮಾತಲ್ಲ. ವಾರಾಂತ್ಯಕ್ಕೆ ಮಾತ್ರ ಒಂದು ರೂಮು ಕೊಡುವವರಿಗೆ ಅದು ತಿಂಗಳುಗಟ್ಟಲೆ ದುಡಿಮೆ. ಅದೂ ಗೆಸ್ಟ್‌ಗಳೆಲ್ಲ ರಿವ್ಯೂ ಬರೆದರೆ! ಎಷ್ಟೋ ಜನ ಖುಷಿಯಾಗಿ ಇದ್ದು ಹೋಗಿ ಏನೂ ಬರೆಯುವುದಿಲ್ಲ, ಬೇಜಾರಾದವರು ಮಾತ್ರ ಮರೆಯುವುದಿಲ್ಲ.

ನಾಲ್ಕಕ್ಕೆ ಇಷ್ಟು ಬೆಲೆ ಕಡಿಮೆ ಯಾಕೆ ಅಂದರೆ ಉಳಿದ ಎಲ್ಲರೂ ಮೇಲೇ ಕೂತಿದ್ದಾರೆ. 2015ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಏರ್‌ಬಿಎನ್‌ಬಿಯ 6 ಲಕ್ಷಕ್ಕೂ ಜಾಸ್ತಿ ಮನೆಗಳ ರೇಟಿಂಗ್ ತೆಗೆದು ನೋಡಿದರು. ಸುಮಾರು 95% ಮನೆಗಳ ಸರಾಸರಿ 4.5 ಅಥವಾ 5. 3.5ಕ್ಕಿಂತ ಕೆಳಗೆ ಇದ್ದವು ಇಲ್ಲ ಅನ್ನುವಷ್ಟು ಕಡಿಮೆ. ಅದೇ ಪ್ರವಾಸಿಗರು ರಿವ್ಯೂ ಬರೆಯುವ ಟ್ರಿಪ್‌ಅಡ್ವೈಸರ್‌ನಲ್ಲಿ ಹೋಟೆಲುಗಳ ಸರಾಸರಿ 3.8 ಇತ್ತು. ಹೋಟೆಲಿನಲ್ಲಿ ನಾವು ರೇಟಿಂಗ್ ಕೊಡುವುದು ಒಂದು ಕಂಪನಿಗೆ. ಇಲ್ಲಿ ಎದುರಿಗೆ ಒಬ್ಬ ಮನುಷ್ಯ ನಿಂತಿರುತ್ತಾನೆ, ನಿನ್ನೆ ರಾತ್ರಿ ಲೇಟಾಗಿ ಬಂದಾಗ ಗೇಟು ತೆಗೆದವನು. ದಾಕ್ಷಿಣ್ಯ ಅನ್ನುವುದು ಇರುತ್ತದಲ್ಲ. ಗೆಸ್ಟ್ ಬಗ್ಗೆ ಹೋಸ್ಟ್ ಕೂಡ ರಿವ್ಯೂ ಬರೆಯುತ್ತಾರೆ. ಮೊದಲೆಲ್ಲ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿಕೊಂಡು ತಮ್ಮದನ್ನು ಬರೆಯಬಹುದಿತ್ತು, ನೀನು ಹೊಗಳಿದರೆ ನಾನೂ ಹೊಗಳುತ್ತೇನೆ ಅನ್ನುವ ಹಾಗೆ. 2014ರಲ್ಲಿ ಅದನ್ನು ಬದಲಾಯಿಸಿದರು. ಈಗ ಇಬ್ಬರೂ ಬರೆದ ಮೇಲೆ, ಇಲ್ಲವೇ 14 ದಿನ ಮುಗಿದ ಮೇಲೆ, ಎರಡೂ ಒಟ್ಟಿಗೆ ಕಾಣಿಸುತ್ತವೆ. ಆದರೂ ಸ್ಟಾರ್‌ಗಳು ಅಷ್ಟೇನೂ ಕೆಳಗಿಳಿಯಲಿಲ್ಲ.

ಹೀಗಾಗಿ ಐದು ಮೆಟ್ಟಿಲಿನ ಅಳತೆ ಅಂತ ಹೆಸರಿಗೆ ಇದ್ದರೂ ನಿಜವಾದ ಪೈಪೋಟಿ ನಡೆಯುವುದು 4.6ಕ್ಕೂ 5ಕ್ಕೂ ನಡುವೆ. 4.79 ಅಂದರೆ ಬ್ಯಾಡ್ಜ್ ಇಲ್ಲ, 4.80 ಅಂದರೆ ಉಂಟು. ಆ ಎರಡು ಮನೆಗಳಲ್ಲಿ ಮಲಗಿ ಎದ್ದವರಿಗೆ ಒಂದು ವ್ಯತ್ಯಾಸವೂ ಗೊತ್ತಾಗಲಿಕ್ಕಿಲ್ಲ. ರೂಮು ಬುಕ್ ಮಾಡುವ ಇನ್ನೊಂದು ತಾಣ ಬುಕಿಂಗ್ ಡಾಟ್ ಕಾಮ್‌ನಲ್ಲಿ ಹತ್ತರ ಲೆಕ್ಕ, ಅಲ್ಲೂ ಕಥೆ ಇದೇ. ಹುಡುಕುವವರು '8ಕ್ಕಿಂತ ಮೇಲೆ' ಅಂತ ಒಂದು ಟಿಕ್ ಹಾಕಿದರೆ ಸಾಕು, 7.9 ಇರುವ ಮನೆ ಅವರ ಕಣ್ಣಿಗೇ ಬೀಳುವುದಿಲ್ಲ. ಬೆಲೆ ಇಳಿಸಿಯೂ ಉಪಯೋಗ ಇಲ್ಲ, ಇಳಿಸಿದ್ದು ಅವರಿಗೆ ಕಾಣಬೇಕಲ್ಲ.

ಬೆಲೆ ಇಳಿಸುವ ಬಗ್ಗೆ ಇನ್ನೊಂದು ಮಾತು. ಬುಕಿಂಗ್ ಇಲ್ಲ ಅಂತ ದರ ಇಳಿಸಿದರೆ ಬರುವವರು ತಕರಾರು ಕಡಿಮೆ ಮಾಡುತ್ತಾರೆ ಅಂತ ಅನ್ನಿಸುತ್ತದೆ. ನಾನು ಕಂಡದ್ದು ಉಲ್ಟಾ. ಅಗ್ಗಕ್ಕೆ ಅಂತ ಕೊನೇ ಗಳಿಗೆಯಲ್ಲಿ ಬುಕ್ ಮಾಡಿದವರು ಮನೆಯ ವಿವರ ಓದಿರುವುದೇ ಇಲ್ಲ. ಎರಡನೇ ಮಹಡಿ, ಲಿಫ್ಟ್ ಇಲ್ಲ ಅಂತ ಮೊದಲ ಸಾಲಿನಲ್ಲೇ ಬರೆದಿದ್ದರೂ ಸೂಟ್‌ಕೇಸ್ ಹೊತ್ತು ಹತ್ತುವಾಗ ಮುಖ ಗಂಟು ಹಾಕಿಕೊಂಡಿರುತ್ತಾರೆ. ಅಲ್ಲಿಗೆ ಒಂದು ಸ್ಟಾರ್ ಹೋಯಿತು. ಈಗ ನಾನು ಫೋಟೋಗಳಲ್ಲಿ ಎರಡನೆಯದಾಗಿ ಮೆಟ್ಟಿಲಿನದ್ದೇ ಹಾಕಿದ್ದೇನೆ, ಹಗಲು ಬೆಳಕಿನಲ್ಲಿ, ಕೆಳಗಿನಿಂದ ಮೇಲಕ್ಕೆ ತೆಗೆದದ್ದು, ಒಂದು ಮೆಟ್ಟಿಲೂ ಬಿಡದ ಹಾಗೆ. ಅದನ್ನು ನೋಡಿ ಕೆಲವರು ಬುಕ್ ಮಾಡದೆ ಹೋಗುತ್ತಾರೆ. ಹೋಗಲಿ. ಬಂದು ಮೂರು ಕೊಡುವುದಕ್ಕಿಂತ ಬಾರದೇ ಇರುವುದೇ ವಾಸಿ.

ಏರ್‌ಬಿಎನ್‌ಬಿಯಲ್ಲಿ ಒಟ್ಟು ರೇಟಿಂಗ್ ಬೇರೆ, ಸ್ವಚ್ಛತೆ, ವಿವರದ ನಿಖರತೆ, ಚೆಕ್‌ಇನ್, ಸಂವಹನ, ಜಾಗ, ಕೊಟ್ಟ ಹಣಕ್ಕೆ ಸಿಕ್ಕ ಮೌಲ್ಯ, ಈ ಆರಕ್ಕೆ ಕೊಡುವ ಸ್ಟಾರ್‌ಗಳೇ ಬೇರೆ. ಆರರ ಸರಾಸರಿ ತೆಗೆದು ಒಟ್ಟು ರೇಟಿಂಗ್ ಮಾಡುತ್ತಾರೆ ಅಂತ ಹೊಸ ಹೋಸ್ಟ್‌ಗಳು ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ, ಅದನ್ನು ಗೆಸ್ಟ್ ಬೇರೆಯಾಗಿಯೇ ಒತ್ತುತ್ತಾರೆ. ಆರಕ್ಕೂ ಐದೈದು ಕೊಟ್ಟು ಒಟ್ಟು ರೇಟಿಂಗ್‌ಗೆ ನಾಲ್ಕು ಒತ್ತಿ ಹೋದವರೂ ಇದ್ದಾರೆ, ಬೇಕಾದರೆ ನನ್ನ ಪುಟ ತೋರಿಸುತ್ತೇನೆ. ಇನ್ನು ಜಾಗಕ್ಕೆ ಕೊಡುವ ಸ್ಟಾರ್! ಮನೆಯನ್ನು ಎತ್ತಿ ಬಸ್ ಸ್ಟ್ಯಾಂಡ್ ಪಕ್ಕ ಇಡಲು ಆಗುತ್ತದಾ? ಮ್ಯಾಪ್ ನೋಡಿಯೇ ಅಲ್ಲವಾ ಬುಕ್ ಮಾಡಿದ್ದು?

ಹೊಸಬರ ಪಾಡು ಇನ್ನೂ ಕಷ್ಟ. ಏರ್‌ಬಿಎನ್‌ಬಿಯಲ್ಲಿ ಮೂರು ರಿವ್ಯೂ ಬರುವ ತನಕ ಸರಾಸರಿ ಕಾಣಿಸುವುದೇ ಇಲ್ಲ. ಆ ಮೂವರಲ್ಲಿ ಒಬ್ಬರು 'ಐದು ಯಾರಿಗೂ ಕೊಡಲ್ಲ' ಅನ್ನುವವರಾದರೆ 4.67ರಿಂದ ಶುರು. ಹಾಗಾಗಿ ಹೊಸ ಹೋಸ್ಟ್ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲ ಕೆಲವು ಬುಕಿಂಗ್‌ಗಳಲ್ಲಿ ಲಾಭ ನೋಡಬೇಡಿ, ಆದರೆ ಬೆಲೆಯನ್ನು ಪಾತಾಳಕ್ಕೂ ಇಳಿಸಬೇಡಿ. ಮೊದಲ ರಾತ್ರಿ ಕಳೆದು ಬೆಳಿಗ್ಗೆ ಒಂದು ಮೆಸೇಜ್ ಹಾಕಿ, "ನೀರು, ಫ್ಯಾನು, ವೈಫೈ ಎಲ್ಲ ಸರಿ ಇದೆಯಾ?" ಅಂತ. 'ಎಲ್ಲ ಆರಾಮಾ?' ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ನೀರು ಅಂತ ಕೇಳಿದರೆ, ಹೌದು ಶವರ್ ಸ್ವಲ್ಪ ಸಣ್ಣಗೆ ಬರುತ್ತೆ ಅಂತ ಬಾಯಿ ಬಿಡುತ್ತಾರೆ. ಅವತ್ತೇ ಸರಿ ಮಾಡಿಸಿಬಿಡಬಹುದು.

ಈ ಭಯ ಹೋಸ್ಟ್‌ಗಳ ಬಾಯಿಯನ್ನೂ ಕಟ್ಟುತ್ತದೆ. ಬೆಡ್‌ಶೀಟಿಗೆ ಕಲೆ ಮಾಡಿ ಹೋದರೆ ದುಡ್ಡು ಕೇಳುವ ಮೊದಲು ಎಲ್ಲರೂ ಒಂದು ಲೆಕ್ಕ ಹಾಕುತ್ತಾರೆ, ಅವರಿನ್ನೂ ರಿವ್ಯೂ ಬರೆದಿಲ್ಲ ಅಲ್ವಾ ಅಂತ. ಶೀಟಿನ ಬೆಲೆಗಿಂತ ಒಂದು ಸ್ಟಾರ್ ದುಬಾರಿ, ಸುಮ್ನೆ ಹೊಸದು ತಂದು ಹಾಸುತ್ತಾರೆ. ಕೆಲವು ಗೆಸ್ಟ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಅರ್ಧ ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ರಿವ್ಯೂ ನೋಡಿಕೊಳ್ಳಿ ಅನ್ನುವವರೂ ಬರುತ್ತಾರೆ. ಹೀಗೆ ಬೆದರಿಸುವುದು ನಿಯಮಕ್ಕೆ ವಿರುದ್ಧ, ಅಂಥ ರಿವ್ಯೂ ತೆಗೆಸಲೂಬಹುದು. ಆದರೆ ಅದು ಆ್ಯಪ್‌ನ ಮೆಸೇಜ್‌ನಲ್ಲೇ ಬರಹದಲ್ಲಿ ಇರಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಅಂಥ ಕರೆ ಬಂದರೆ "ದಯವಿಟ್ಟು ಇದನ್ನೇ ಮೆಸೇಜ್ ಮಾಡಿ" ಅನ್ನಿ. ಮುಕ್ಕಾಲು ಜನ ಅಲ್ಲೇ ಸುಮ್ಮನಾಗುತ್ತಾರೆ.

ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸುವುದು, ಒಂದು ರಾತ್ರಿ ಇದ್ದವರದ್ದೂ ಒಂದೇ ರೇಟಿಂಗ್, ಒಂದು ತಿಂಗಳು ಇದ್ದವರದ್ದೂ ಒಂದೇ. ರಾತ್ರಿ ಹನ್ನೊಂದಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೊರಟವರ ಮೂರು ಸ್ಟಾರ್, ಮೂವತ್ತು ದಿನ ಅಲ್ಲೇ ಅಡುಗೆ ಮಾಡಿಕೊಂಡು, ಬಟ್ಟೆ ಒಗೆದುಕೊಂಡು, ನಲ್ಲಿ ಸೋರಿದಾಗ ತಾವೇ ಬಿಗಿ ಮಾಡಿಕೊಂಡು ಇದ್ದವರ ಐದು ಸ್ಟಾರ್ ಜೊತೆ ಸಮಸಮ ಕೂತು ಸರಾಸರಿ ನಾಲ್ಕಾಗುತ್ತದೆ. ಲಾಂಗ್ ಸ್ಟೇ ಕೊಡುವವರಿಗೆ ರಿವ್ಯೂಗಳೇ ಕಡಿಮೆ, ಹಾಗಾಗಿ ಒಂದು ಕೆಟ್ಟದ್ದು ಬಂದರೆ ಅದು ತುಂಬಾ ದಿನ ಕಾಡುತ್ತದೆ. ರಾತ್ರಿಗಳ ಲೆಕ್ಕ ಏರ್‌ಬಿಎನ್‌ಬಿಯವರಿಗೆ ತಿಳಿಯದ್ದೇನಲ್ಲ, ಸೂಪರ್‌ಹೋಸ್ಟ್ ಆಗಲು 10 ಬುಕಿಂಗ್ ಇಲ್ಲದಿದ್ದರೆ ಒಟ್ಟು 100 ರಾತ್ರಿಗಳ 3 ಬುಕಿಂಗ್ ಆದರೂ ನಡೆಯುತ್ತದೆ. ಅದೇ ರಾತ್ರಿಗಳನ್ನು ಸರಾಸರಿಗೂ ಲೆಕ್ಕ ಹಿಡಿಯಲು ಏನು ಅಡ್ಡಿ ಅಂತ ಸಪೋರ್ಟ್‌ನವರನ್ನು ಯಾರಾದರೂ ಕೇಳಿದ್ದರೆ, ಏನು ಉತ್ತರ ಬಂತು ಅಂತ ನನಗೂ ತಿಳಿಸಿ.