ವಾರಾಂತ್ಯದ ಮಧ್ಯಾಹ್ನದ ಅಳತೆ

ಒಂದೇ ಕೆಲಸವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚಿ ಮಾಡಿಸುವುದನ್ನು ಕಲಿಸುವ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ತರಗತಿಯಲ್ಲಿ ಸಂಶೋಧನಾ ಪೇಪರ್ ಓದಿ ವಿಮರ್ಶೆ ಬರೆದು ತನ್ನಿ ಎಂದು ಹೇಳಿದಾಗಲೆಲ್ಲ ಮೊದಲ ವಾರ ನನ್ನ ಮೇಜಿಗೆ ಬರುವ ಹಾಳೆಗಳಲ್ಲಿ ಹೆಚ್ಚಿನವು ಸಾರಾಂಶಗಳೇ ಆಗಿರುತ್ತವೆ. ಪೇಪರಿನ ಆರಂಭದ ಪ್ಯಾರಾವನ್ನೇ ಬೇರೆ ಮಾತುಗಳಲ್ಲಿ ಹೇಳಿ, ಕೊನೆಗೆ ‘ಲೇಖಕರು ಉತ್ತಮ ಕೆಲಸ ಮಾಡಿದ್ದಾರೆ’ ಎಂದು ಬೆನ್ನು ತಟ್ಟಿರುತ್ತಾರೆ. ವಿಮರ್ಶೆಯೆಂದರೆ ತಪ್ಪು ಹುಡುಕುವುದು ಎಂದುಕೊಂಡ ಒಬ್ಬಿಬ್ಬರು ಮಾತ್ರ, ಇಪ್ಪತ್ತು ವರ್ಷ ಹಳೆಯ ಪೇಪರಿನಲ್ಲಿ ಜಿಪಿಯು ಎಂಬ ಈಗಿನ ವೇಗದ ಚಿಪ್‌ಗಳ ಬಗ್ಗೆ ಏನೂ ಹೇಳಿಲ್ಲವೆಂದು ಆಕ್ಷೇಪಿಸಿರುತ್ತಾರೆ. ಅವರನ್ನು ಬೈಯುವ ಹಕ್ಕು ನನಗಿಲ್ಲ. ಎಂ.ಟೆಕ್. ಓದುವಾಗ ನಾನು ಬರೆದ ಮೊದಲ ವಿಮರ್ಶೆಯೂ ಎರಡು ಪುಟದ ಸಾರಾಂಶವೇ ಆಗಿತ್ತು. ನಮ್ಮ ಮೇಷ್ಟ್ರು ಅದರ ಅಂಚಿನಲ್ಲಿ ‘ಇಷ್ಟನ್ನು ಲೇಖಕರೇ ಹೇಳಿದ್ದಾರಲ್ಲ, ನೀವೇನು ಹೇಳುತ್ತೀರಿ?’ ಎಂದು ಪೆನ್ಸಿಲಿನಲ್ಲಿ ಬರೆದು ಹಿಂತಿರುಗಿಸಿದ್ದರು.

ನಾನು ಅಂದು ವಿಮರ್ಶಿಸಿದ ಪೇಪರು ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ 2004ರಲ್ಲಿ ಮಂಡಿಸಿದ ಮ್ಯಾಪ್‌ರೆಡ್ಯೂಸ್: ದೊಡ್ಡ ಲೆಕ್ಕವೊಂದನ್ನು ತುಣುಕುಗಳಾಗಿಸಿ ಅನೇಕ ಯಂತ್ರಗಳಿಗೆ ಹಂಚುವ ವಿಧಾನ. ಅದರಲ್ಲಿ ಎಲ್ಲರೂ ಎತ್ತಿ ಬರೆಯುವ ಒಂದು ಅಂಕಿಯಿದೆ: ತಲಾ 100 ಬೈಟ್‌ನ ಸಾವಿರ ಕೋಟಿ ದಾಖಲೆಗಳನ್ನು, ಅಂದರೆ ಸುಮಾರು ಒಂದು ಟೆರಾಬೈಟ್ ದತ್ತಾಂಶವನ್ನು, ಸುಮಾರು 1800 ಯಂತ್ರಗಳ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಯಂತ್ರಗಳ ಗುಂಪು) 891 ಸೆಕೆಂಡಿನಲ್ಲಿ ವಿಂಗಡಿಸಿತು. ನಾನೂ ಅದನ್ನು ಬರೆದು ಕೆಳಗೆ ಗೆರೆ ಎಳೆದಿದ್ದೆ. ಹಾಳೆ ವಾಪಸು ಬಂದ ಮೇಲೆ ಪೇಪರನ್ನು ಮತ್ತೆ ಓದಲು ಕುಳಿತಾಗಲೇ ಅದೇ ಭಾಗದ ಆರಂಭದಲ್ಲಿ, ಕ್ಲಸ್ಟರಿನ ವಿವರಗಳ ನಡುವೆ, ಒಂದು ಸಾಧಾರಣ ವಾಕ್ಯ ಕಣ್ಣಿಗೆ ಬಿದ್ದದ್ದು. ಈ ಪ್ರೋಗ್ರಾಮುಗಳನ್ನು ಓಡಿಸಿದ್ದು ವಾರಾಂತ್ಯದ ಒಂದು ಮಧ್ಯಾಹ್ನ, ಪ್ರೊಸೆಸರ್, ಡಿಸ್ಕ್ ಮತ್ತು ನೆಟ್‌ವರ್ಕ್ ಬಹುಮಟ್ಟಿಗೆ ಬಿಡುವಾಗಿದ್ದ ಹೊತ್ತಿನಲ್ಲಿ ಎಂಬುದು ಅದರ ತಾತ್ಪರ್ಯ.

ಆ ವಾಕ್ಯವನ್ನು ಕೈಯಲ್ಲಿ ಹಿಡಿದು ಮುಂದೆ ಓದಿದರೆ ಪೇಪರೇ ಬೇರೆಯಾಗಿ ಕಾಣುತ್ತದೆ. ಕೆಲವು ಯಂತ್ರಗಳು ಯಾವುದೋ ಕಾರಣಕ್ಕೆ ಕುಂಟುತ್ತವೆ. ಡಿಸ್ಕ್ ಕೆಟ್ಟಿರಬಹುದು, ಅದೇ ಯಂತ್ರದಲ್ಲಿ ಇನ್ನೊಬ್ಬರ ಕೆಲಸವೂ ನಡೆಯುತ್ತಿರಬಹುದು. ಹಾಗಾಗಿ ಕೆಲಸ ಮುಗಿಯುವ ಹಂತಕ್ಕೆ ಬಂದಾಗ, ಉಳಿದ ತುಣುಕುಗಳ ಇನ್ನೊಂದು ಪ್ರತಿಯನ್ನು ಬೇರೆ ಯಂತ್ರಕ್ಕೂ ಕೊಟ್ಟು, ಯಾವುದು ಮೊದಲು ಮುಗಿಯುತ್ತದೋ ಅದನ್ನು ಸ್ವೀಕರಿಸುವುದು ಲೇಖಕರ ಉಪಾಯ. ಈ ಮೀಸಲು ಪ್ರತಿಗಳಿಲ್ಲದೆ ಓಡಿಸಿದಾಗ ಅದೇ ವಿಂಗಡಣೆಗೆ 1283 ಸೆಕೆಂಡು, ಅಂದರೆ ಶೇ. 44 ಹೆಚ್ಚು ಸಮಯ ಹಿಡಿಯಿತು. ಕೆಲಸದ ನಡುವೆ, ಈ ತುಣುಕುಗಳನ್ನು ಮಾಡುವ 1746 ವರ್ಕರ್ ಪ್ರೋಗ್ರಾಮುಗಳಲ್ಲಿ 200ನ್ನು ಬೇಕೆಂದೇ ಕೊಂದಾಗ 933 ಸೆಕೆಂಡು, ಶೇ. 5 ಮಾತ್ರ ಹೆಚ್ಚು. ಬಿಡುವಿನ ಮಧ್ಯಾಹ್ನದಲ್ಲೇ ಕುಂಟುವ ಯಂತ್ರಗಳಿಂದ ಇಷ್ಟು ನಷ್ಟವಾಗುವುದಾದರೆ, ಎಲ್ಲರ ಕೆಲಸವೂ ಒಟ್ಟಿಗೆ ಮೇಲೆ ಬೀಳುವ ಸೋಮವಾರ ಬೆಳಿಗ್ಗೆ ಏನಾಗುತ್ತದೆ? ಮೀಸಲು ಪ್ರತಿಗಳ ಲಾಭ ಇನ್ನಷ್ಟು ಹೆಚ್ಚುತ್ತದೆಯೋ, ಅಥವಾ ಈಗಾಗಲೇ ದಣಿದ ಕ್ಲಸ್ಟರಿಗೆ ಅವೇ ಹೊರೆಯಾಗುತ್ತವೆಯೋ? ಪೇಪರಿನ ವಿಂಗಡಣೆಯ ಪ್ರಯೋಗ ಇದನ್ನು ಅಳೆದಿಲ್ಲ. ನನ್ನ ಎರಡನೆಯ ವಿಮರ್ಶೆ ಈ ಒಂದು ಪ್ರಶ್ನೆಯ ಸುತ್ತ ಮುಕ್ಕಾಲು ಪುಟದಲ್ಲಿ ಮುಗಿಯಿತು, ಮತ್ತು ಮೇಷ್ಟ್ರ ಪೆನ್ಸಿಲು ಈ ಸಲ ಏನನ್ನೂ ಬರೆಯದೆ ಬರೇ ಒಂದು ರೈಟ್ ಹಾಕಿತ್ತು. ಆ ಪ್ರಶ್ನೆ ಕೇಳಲು ಸಾಧ್ಯವಾದದ್ದು ಲೇಖಕರು ತಮ್ಮ ಅಳತೆಯ ಸಂದರ್ಭವನ್ನು ಮುಚ್ಚಿಡದೆ ಬರೆದಿದ್ದರಿಂದ ಎಂಬುದು ಮಾತ್ರ ನನಗೆ ಹೊಳೆಯಲು ಇನ್ನೂ ಒಂದು ಸೆಮಿಸ್ಟರ್ ಬೇಕಾಯಿತು.

ಪೇಪರನ್ನು ಮೂರು ಸುತ್ತಿನಲ್ಲಿ ಓದುವ ಕ್ರಮದ ಬಗ್ಗೆ ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಬರೆದ ಎರಡು ಪುಟದ ಪುಟ್ಟ ಲೇಖನವನ್ನು ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಮೊದಲ ಸುತ್ತು ಐದರಿಂದ ಹತ್ತು ನಿಮಿಷ, ಎರಡನೆಯದು ಹೆಚ್ಚೆಂದರೆ ಒಂದು ಗಂಟೆ, ಮೂರನೆಯದು ಹೊಸಬರಿಗೆ ನಾಲ್ಕೈದು ಗಂಟೆ ಎಂದು ಅವರು ಹೇಳುತ್ತಾರೆ. ಮೂರನೆಯ ಸುತ್ತಿನಲ್ಲಿ ಲೇಖಕರ ಕೆಲಸವನ್ನು ಮನಸ್ಸಿನಲ್ಲೇ ಮೊದಲಿಂದ ಕಟ್ಟಿ ನೋಡಬೇಕು. ವಿಮರ್ಶೆ ಹುಟ್ಟುವುದು ಅಲ್ಲಿ. ಎರಡನೆಯ ಸುತ್ತಿಗೇ ನಿಲ್ಲಿಸಿದವರ ಕೈಯಲ್ಲಿ ಉಳಿಯುವುದು ಸಾರಾಂಶ. ಅದನ್ನೀಗ ಯಂತ್ರವೂ ಬರೆದುಕೊಡುತ್ತದೆ.

ಇನ್ನು ಪ್ರಾಜೆಕ್ಟ್ ರಿಪೋರ್ಟ್. ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೊಂದು ಆಸ್ತಿಯ ಗುಣವಿದೆ: ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಸರ್ಟಿಫಿಕೇಟ್ ಪುಟ, ಗೈಡ್ ಮತ್ತು ಎಚ್‌ಒಡಿ ಸಹಿಗೆ ಜಾಗ, ತಂದೆತಾಯಿಗಳಿಂದ ಲ್ಯಾಬ್ ಅಟೆಂಡರ್‌ವರೆಗಿನ ಕೃತಜ್ಞತೆ, ಲಿಟರೇಚರ್ ಸರ್ವೇ, ಡೇಟಾ ಫ್ಲೋ ಚಿತ್ರಗಳು ಎಲ್ಲವೂ ಸಿದ್ಧವಿರುತ್ತವೆ. ಹಾರ್ಡ್‌ವೇರ್ ಪುಟದಲ್ಲಿ ಎಂದೋ ಮರೆಯಾದ ಪೆಂಟಿಯಂ 4 ಪ್ರೊಸೆಸರ್ ಇನ್ನೂ ಬದುಕಿರುವುದನ್ನು ನಾನು ಕಂಡಿದ್ದೇನೆ. ಟೆಸ್ಟಿಂಗ್ ಅಧ್ಯಾಯದ ಕೋಷ್ಟಕದ ಕೊನೆಯ ಕಾಲಮಿನಲ್ಲಿ ಮೇಲಿಂದ ಕೆಳಗಿನವರೆಗೆ ‘ಪಾಸ್’ ಎಂದೇ ಇರುತ್ತದೆ.

ನಮ್ಮ ಬ್ಯಾಚಿನ ರಿಪೋರ್ಟೂ ಅಂಥದ್ದೇ. ನಾವು ನಾಲ್ವರು ಲ್ಯಾಬಿನ ಐದು ಯಂತ್ರಗಳಲ್ಲಿ ಹಡೂಪ್ (ಮ್ಯಾಪ್‌ರೆಡ್ಯೂಸ್ ವಿಧಾನದ ಉಚಿತ ತಂತ್ರಾಂಶ) ಹಾಕಿ 200 ಎಂಬಿಯ ಒಂದು ಕಡತದ ಪದಗಳನ್ನು ಎಣಿಸಿದ್ದೆವು. ಐದು ಯಂತ್ರಗಳಲ್ಲಿ ಹಿಡಿದ ಸಮಯ ಒಂದೇ ಯಂತ್ರದಲ್ಲಿ ಹಿಡಿದ ಸಮಯಕ್ಕಿಂತ ಹೆಚ್ಚಾಗಿತ್ತು. ಮಾನ ಹೋಗುತ್ತದೆಂದು ಆ ಗ್ರಾಫನ್ನು ತೆಗೆದುಹಾಕಿ, ಆ ಜಾಗಕ್ಕೆ ಸ್ಕ್ರೀನ್‌ಶಾಟುಗಳನ್ನು ಸೇರಿಸಿ, ಹಾರ್ಡ್ ಬೈಂಡಿಂಗಿಗೆ ಕೊಟ್ಟೆವು. ವೈವಾದಲ್ಲಿ ಎಕ್ಸ್‌ಟರ್ನಲ್ ಪರೀಕ್ಷಕರು ಪುಟ ತಿರುವುತ್ತಾ ‘ಎಷ್ಟು ಯಂತ್ರಕ್ಕೆ ಎಷ್ಟು ಸಮಯ?’ ಎಂದು ಕೇಳಿದಾಗ ನಾಲ್ವರೂ ನೆಲ ನೋಡಿದೆವು. ವಿಷಯವೇನೋ ಸರಳವಾಗಿತ್ತು: ಹಡೂಪ್ ಆಗ ಕಡತವನ್ನು 64 ಎಂಬಿಯ ತುಂಡುಗಳಾಗಿ ಒಡೆಯುತ್ತಿತ್ತು, 200 ಎಂಬಿಗೆ ಆಗುವುದು ನಾಲ್ಕೇ ತುಂಡು, ಐದನೆಯ ಯಂತ್ರಕ್ಕೆ ಮ್ಯಾಪ್ ಎಂಬ ಎಣಿಕೆಯ ಹಂತದಲ್ಲಿ ಕೆಲಸವೇ ಇರಲಿಲ್ಲ, ಉಳಿದವುಗಳಿಗೆ ಎಣಿಸುವುದಕ್ಕಿಂತ ಎಣಿಕೆಗೆ ಸಜ್ಜಾಗುವುದಕ್ಕೇ ಹೆಚ್ಚು ಹೊತ್ತು ಬೇಕಿತ್ತು. ಇಷ್ಟನ್ನು ಬರೆದಿದ್ದರೆ ಅದೊಂದೇ ಪುಟ ಇಡೀ ರಿಪೋರ್ಟಿನ ತೂಕಕ್ಕೆ ಸಮನಾಗುತ್ತಿತ್ತು. ಆದರೆ ಅದನ್ನು ಯೋಚಿಸಿದ್ದು ವೈವಾ ಮುಗಿದು ಕ್ಯಾಂಟೀನಿನಲ್ಲಿ ಕುಳಿತ ಮೇಲೆ.

ಆದ್ದರಿಂದ ಈಗ ನನ್ನ ತಂಡಗಳಿಗೆ ಸ್ಪೈರಲ್ ಬೈಂಡಿಂಗಿಗೆ ಮುಂಚೆಯೇ ಒಂದು ಕೆಲಸ ಹಚ್ಚುತ್ತೇನೆ. ಪ್ರತಿ ತಂಡವೂ ಇನ್ನೊಂದು ತಂಡದ ಕರಡಿಗೆ, ಅದು ಯಾರೋ ದೊಡ್ಡವರ ಪೇಪರು ಎಂಬಂತೆ, ಒಂದು ಪುಟದ ವಿಮರ್ಶೆ ಬರೆಯಬೇಕು. ಕಳೆದ ಸಲ ಒಬ್ಬ ಹುಡುಗಿ ಗೆಳತಿಯರ ಕರಡಿನ ಗ್ರಾಫಿನ ಪಕ್ಕದಲ್ಲಿ ‘ಇದನ್ನು ಎಷ್ಟು ಹೊತ್ತಿಗೆ ಓಡಿಸಿದಿರಿ, ಪಕ್ಕದ ಬ್ಯಾಚಿನವರು ಲ್ಯಾಬಿನಲ್ಲಿದ್ದರೇ?’ ಎಂದು ಬರೆದಿದ್ದಳು. ಆ ತಂಡದವರು ಸ್ವಲ್ಪ ಮುನಿಸಿಕೊಂಡರೂ ಎರಡು ದಿನ ಬಿಟ್ಟು ಮತ್ತೆ ಅಳೆದು, ಗ್ರಾಫಿನ ಕೆಳಗೆ ‘ಊಟದ ವೇಳೆ, ಖಾಲಿ ಲ್ಯಾಬ್’ ಮತ್ತು ‘ಮಧ್ಯಾಹ್ನ ಮೂರು ಗಂಟೆ, ಎಲ್ಲ ಯಂತ್ರಗಳೂ ಬಳಕೆಯಲ್ಲಿ’ ಎಂದು ಎರಡು ಗೆರೆಗಳಿಗೆ ಹೆಸರು ಕೊಟ್ಟು ತಂದರು. ಎರಡನೆಯ ಗೆರೆ ಅಷ್ಟೇನೂ ಚೆನ್ನಾಗಿರಲಿಲ್ಲ. ಬೈಂಡಿಂಗಿಗೆ ಎರಡೂ ಹೋದವು.